ಹಸಿರು ಪ್ರಮಾಣಪತ್ರದ ಮನೆಯಲ್ಲಿ ಗೋಡೆಯ ಬಣ್ಣಕ್ಕಿಂತ ಕಪಾಟಿನ ಹಲಗೆ ಮುಖ್ಯ

ಕಾಸರಗೋಡು ಕಡೆಯಲ್ಲಿ ಮನೆ ಕೆಲಸದ ಕೊನೆಯ ಹಂತ ಹೆಚ್ಚಾಗಿ ಎಪ್ರಿಲ್–ಮೇ ತಿಂಗಳಿಗೇ ಬಂದು ನಿಲ್ಲುತ್ತದೆ. ಮಳೆ ಹಿಡಿಯುವ ಮೊದಲು ಮನೆ ಒಕ್ಕಲು (ಗೃಹಪ್ರವೇಶ) ಆಗಬೇಕು, ಗಲ್ಫಿನಿಂದ ರಜೆಯಲ್ಲಿ ಬಂದವರು ವಾಪಸು ಹೋಗುವ ಮೊದಲು ನೆಂಟರಿಷ್ಟರಿಗೆ ಊಟ ಹಾಕಬೇಕು. ಹಾಗಾಗಿ ಕಪಾಟಿನ ಕೆಲಸ, ಮರದ ಪಾಲಿಷ್, ಗೋಡೆಯ ಪೈಂಟ್ ಮೂರೂ ಒಂದೇ ತಿಂಗಳಲ್ಲಿ ಒಂದರ ಮೇಲೊಂದು ನಡೆಯುತ್ತವೆ. ಜೂನ್ ಬಂತೆಂದರೆ ಗಾಳಿಮಳೆಗೆ ಕಿಟಕಿ ಮುಚ್ಚುತ್ತದೆ. ಹೊಸ ಹಲಗೆ, ಹೊಸ ಗಮ್ಮು, ಹೊಸ ಪಾಲಿಷ್ ಬಿಡುವ ಆವಿಯೆಲ್ಲ ಆ ಮುಚ್ಚಿದ ಮನೆಯೊಳಗೇ ಉಳಿಯುತ್ತದೆ. ಮಕ್ಕಳು, ವಯಸ್ಸಾದವರು ಮಲಗುವುದು ಅದೇ ಗಾಳಿಯಲ್ಲಿ.

ಹಸಿರು ಕಟ್ಟಡದ ಪ್ರಮಾಣಪತ್ರ ಪಡೆಯಬೇಕೆಂದು ಹೊರಟವರಿಗೆ 'ಕಡಿಮೆ ಆವಿ ಬಿಡುವ ಸಾಮಗ್ರಿ' ಎಂಬ ವಿಭಾಗ ಎದುರಾಗುತ್ತದೆ. ಕಡತದಲ್ಲಿ ಅದಕ್ಕೆ ಸೇರುವ ಪುಟಗಳಲ್ಲಿ ಬಹುಪಾಲು ಗೋಡೆಯ ಬಣ್ಣದ್ದು. ಆದರೆ ಇಲ್ಲಿನ ಮನೆಗಳಲ್ಲಿ ಒಳಗಿನ ಗಾಳಿ ಕೆಡುವುದಕ್ಕೆ ಗೋಡೆಯ ಬಣ್ಣದ ಪಾಲು ಸಣ್ಣದು. ದೊಡ್ಡ ಪಾಲು ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆಗಳದ್ದು, ಅವಕ್ಕೆ ಮೈಕಾ (ಲ್ಯಾಮಿನೇಟ್ ಹಾಳೆ) ಅಂಟಿಸುವ ಗಮ್ಮಿನದ್ದು, ಬಾಗಿಲಿಗೆ ಹೊಡೆಯುವ ಪಿಯು (ಪಾಲಿಯುರಿಥೇನ್) ಅಥವಾ ಮೆಲಮೈನ್ ಪಾಲಿಷಿನದ್ದು. ಬಣ್ಣದ ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ನೋಡಿ ಸಮಾಧಾನಪಟ್ಟುಕೊಂಡವರ ಮನೆಯಲ್ಲಿ ಉಳಿದ ಮೂರರ ಕಡೆ ಯಾರ ಕಣ್ಣೂ ಹೋಗಿರುವುದಿಲ್ಲ.

ಆವಿ ಎಂದರೆ ಇಲ್ಲಿ ಎರಡು ಬಗೆ. ಒಂದು, ಕರಗಿಸಲು ಬಳಸಿದ ದ್ರವಗಳದ್ದು: ಟೊಲೀನ್, ಕ್ಸೈಲೀನ್, ಟರ್ಪಂಟೈನ್, ಗ್ಲೈಕಾಲ್. ಇವನ್ನೆಲ್ಲ ಒಟ್ಟಾಗಿ ವಿಒಸಿ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕೆಲವು ದಿನ, ಕೆಲವು ವಾರಗಳಲ್ಲಿ ಹೊರಟುಹೋಗುತ್ತವೆ. ಇನ್ನೊಂದು ಫಾರ್ಮಾಲ್ಡಿಹೈಡ್, ಹಲಗೆಯ ಅಂಟಿನಿಂದ ಬರುವಂಥದ್ದು. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಕಣ್ಣು ಉರಿ, ಗಂಟಲು ಕೆರೆತ, ಉಬ್ಬಸ ಇರುವವರಿಗೆ ತೊಂದರೆ ಇದರ ಮೊದಲ ಲಕ್ಷಣಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಕೊಟ್ಟ ಮಿತಿ, 30 ನಿಮಿಷದ ಸರಾಸರಿಯಲ್ಲಿ, ಘನ ಮೀಟರಿಗೆ 0.1 ಮಿಲಿಗ್ರಾಂ.

ಡಬ್ಬದ ಮೇಲಿನ 'ಲೆಡ್ ಫ್ರೀ' ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬುದು 2016ರ ನಿಯಮ, ಎಲ್ಲ ಕಂಪನಿಗಳಿಗೂ ಅನ್ವಯಿಸುತ್ತದೆ. ಸೀಸವಿಲ್ಲದ ಇನಾಮಲ್‌ನಲ್ಲಿ ಲೀಟರಿಗೆ 400 ಗ್ರಾಂ ವಿಒಸಿ ಇರಬಹುದು.

ಯಾವ ಪ್ರಮಾಣಪತ್ರ ಏನು ಕೇಳುತ್ತದೆ

ನಮ್ಮಲ್ಲಿ ಮನೆಗಳಿಗೆ ಸಿಗುವ ಪ್ರಮಾಣಪತ್ರಗಳಲ್ಲಿ ಐಜಿಬಿಸಿ (ಭಾರತೀಯ ಹಸಿರು ಕಟ್ಟಡ ಮಂಡಳಿ) ಕೊಡುವ ಗ್ರೀನ್ ಹೋಮ್ಸ್, ಗೃಹ (GRIHA), ಅಮೆರಿಕದ ಲೀಡ್ (LEED), ಎಡ್ಜ್ (EDGE) ಮುಖ್ಯವಾದವು. ಎಡ್ಜ್ ನೋಡುವುದು ಶಕ್ತಿ, ನೀರು ಮತ್ತು ಸಾಮಗ್ರಿ ತಯಾರಿಕೆಗೆ ಹಿಡಿಯುವ ಶಕ್ತಿ, ಈ ಮೂರರ ಉಳಿತಾಯ. ಮನೆಯೊಳಗಿನ ಆವಿ ಅದರ ಲೆಕ್ಕದಲ್ಲಿ ಬರುವುದಿಲ್ಲ. ಫ್ಲ್ಯಾಟ್ ಕೊಳ್ಳುವವರು ಇದನ್ನು ತಿಳಿದಿರಬೇಕು: ಹಸಿರು ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಒಳಗಿನ ಗಾಳಿಯನ್ನು ಯಾರೋ ವಿಚಾರಿಸಿದ್ದಾರೆ ಎಂದು ಅರ್ಥವಲ್ಲ. ಉಳಿದ ಮೂರೂ ಕೇಳುತ್ತವೆ. ಆದರೆ ಲೀಡ್ ಮತ್ತು ಐಜಿಬಿಸಿಯಲ್ಲಿ ಇದು ಅಂಕ ಗಳಿಸುವ ವಿಭಾಗ. ಬೇರೆ ಕಡೆ ಅಂಕ ಸಾಕಷ್ಟು ಬಂದರೆ ಬಿಲ್ಡರ್ ಇದನ್ನು ಕೈಬಿಡಬಹುದು. ಆದ್ದರಿಂದ ಪ್ರಮಾಣಪತ್ರದ ಜೊತೆಗೆ ಅಂಕಪಟ್ಟಿಯನ್ನೂ ಕೇಳಿ ನೋಡಬೇಕು.

ಬಳಕೆಯಲ್ಲಿರುವ ಮಿತಿಗಳಲ್ಲಿ ಹೆಚ್ಚಿನವು ಅಮೆರಿಕದಿಂದ, ಅದರಲ್ಲೂ ಕ್ಯಾಲಿಫೋರ್ನಿಯದ ದಕ್ಷಿಣ ಕರಾವಳಿಯ ವಾಯು ನಿಯಂತ್ರಣ ಮಂಡಳಿಯ ನಿಯಮಗಳಿಂದ ಬಂದವು. ಹೊಳಪಿಲ್ಲದ ಒಳಗೋಡೆಯ ಬಣ್ಣಕ್ಕೆ ಲೀಟರಿಗೆ 50 ಗ್ರಾಂ ವಿಒಸಿ, ಹೊಳಪಿರುವುದಕ್ಕೆ 150, ಗ್ರಿಲ್‌ಗೆ ಹೊಡೆಯುವ ತುಕ್ಕುನಿರೋಧಕ ಬಣ್ಣಕ್ಕೆ 250, ವಾರ್ನಿಷಿಗೆ 350, ಲ್ಯಾಕರಿಗೆ 550. ಅಂಟುಗಳಲ್ಲಿ ಮರಕ್ಕೆ ಬಳಸುವುದು 30, ಟೈಲ್ ಅಂಟು 65, ಕಾಂಟ್ಯಾಕ್ಟ್ ಅಂಟು 80, ಸೀಲೆಂಟ್ 250. ಪಿವಿಸಿ ಪೈಪಿನ ಸಿಮೆಂಟಿಗೆ 510ರಷ್ಟು ಸಡಿಲ ಮಿತಿ. ಪೈಪಿನ ಕೆಲಸ ಸಾರಣೆಗೂ ಮೊದಲೇ ಮುಗಿದು, ಜನ ಬರುವ ಹೊತ್ತಿಗೆ ಅದರ ಆವಿ ಹೋಗಿರುವುದರಿಂದ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಈ ಗ್ರಾಂಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಮಿತಿ ಹಾಕುವಾಗ ಬಣ್ಣದಲ್ಲಿರುವ ನೀರನ್ನು ಕಳೆದು ಲೆಕ್ಕ ಹಿಡಿಯುತ್ತಾರೆ. ಒಂದು ಲೀಟರ್ ಎಮಲ್ಷನ್‌ನಲ್ಲಿ 600 ಮಿಲಿ ನೀರು, 20 ಗ್ರಾಂ ವಿಒಸಿ ಇದ್ದರೆ, ಆ 20 ಗ್ರಾಂ ಅನ್ನು ಉಳಿದ 400 ಮಿಲಿಗೆ ಹಂಚಿ ಲೀಟರಿಗೆ 50 ಗ್ರಾಂ ಎಂದು ಬರೆಯುತ್ತಾರೆ. ನೀರು ಹೆಚ್ಚು ಸುರಿದು ಅಂಕಿ ಇಳಿಸುವ ದಾರಿ ಮುಚ್ಚಲು ಮಾಡಿದ ಕ್ರಮ ಇದು. ಕಂಪನಿಯ ತಾಂತ್ರಿಕ ಹಾಳೆಯಲ್ಲಿ ಎರಡರಲ್ಲಿ ಯಾವ ಅಂಕಿ ಕೊಟ್ಟಿದ್ದಾರೆಂದು ನೋಡದೆ ಎರಡು ಬಣ್ಣಗಳನ್ನು ಹೋಲಿಸಿದರೆ ತಪ್ಪು ಆಯ್ಕೆಯಾಗುತ್ತದೆ.

ಮಿತಿ ಅನ್ವಯವಾಗುವುದು ಡಬ್ಬದಲ್ಲಿ ಇದ್ದ ಹಾಗೆ ಅಲ್ಲ, ಹೊಡೆಯುವಾಗ ಇರುವ ಹಾಗೆ. ಲೀಟರಿಗೆ 380 ಗ್ರಾಂ ಇರುವ ಇನಾಮಲ್‌ಗೆ ಪೈಂಟರ್ 100 ಮಿಲಿ ಟರ್ಪಂಟೈನ್ ಸೇರಿಸಿದರೆ ಅದು 416ಕ್ಕೆ ಏರುತ್ತದೆ. ಥಿನ್ನರ್ ಡಬ್ಬ ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಂಗಡಿಯ ಟಿಂಟಿಂಗ್ ಯಂತ್ರದಲ್ಲಿ ಬೆರೆಸುವ ಬಣ್ಣದ ಸಾಂದ್ರದ ಕತೆಯೂ ಹೀಗೆಯೇ: ಪರೀಕ್ಷೆಯ ವರದಿ ಬಿಳಿ ಬೇಸಿನದ್ದು, ಗೋಡೆಗೆ ಬಂದದ್ದು ಗಾಢ ಹಸಿರೋ ನೀಲಿಯೋ. ಹಳೆಯ ಬಗೆಯ ಸಾಂದ್ರದಲ್ಲಿ ಗ್ಲೈಕಾಲ್ ಇರುವುದರಿಂದ ಗಾಢ ಬಣ್ಣದಲ್ಲಿ ವಿಒಸಿ ಹೆಚ್ಚು. ಸಾಂದ್ರವೂ ಕಡಿಮೆ ವಿಒಸಿಯದ್ದೇ ಎಂದು ಅಂಗಡಿಯವರಿಂದ ಬರೆಸಿಕೊಳ್ಳುವುದು, ಇಲ್ಲವಾದರೆ ತೆಳು ಬಣ್ಣ ಆರಿಸುವುದು ಸುಲಭ.

ಕಡಿಮೆ ವಿಒಸಿ ಎಮಲ್ಷನ್ ಇಲ್ಲಿನ ಹವೆಯಲ್ಲಿ ಬೇರೆ ಥರ ವರ್ತಿಸುತ್ತದೆ, ಅದನ್ನೂ ಮೊದಲೇ ತಿಳಿದಿರಬೇಕು. ತೇವ ಹೆಚ್ಚಿದ್ದಾಗ ಪದರ ನಿಧಾನವಾಗಿ ಒಣಗುತ್ತದೆ. ಹಾಳೆಯಲ್ಲಿ 4 ಗಂಟೆ ಎಂದಿರುವ ಎರಡನೆಯ ಕೋಟಿಗೆ ಮೇ ಕೊನೆಯಲ್ಲಿ ಒಂದು ರಾತ್ರಿ ಬಿಡಬೇಕಾಗುತ್ತದೆ. ಬೇಗ ಮುಗಿಸಿದ ಬಚ್ಚಲಿನ ಗೋಡೆಯಲ್ಲಿ ಕಂದು ಬಣ್ಣದ ಅಂಟಂಟು ಗೆರೆಗಳು ಇಳಿಯುತ್ತವೆ. ಅದು ಬಣ್ಣ ಕೆಟ್ಟದ್ದಲ್ಲ, ಒಳಗಿನ ಸಾಬೂನಿನಂಥ ಅಂಶ ಪದರ ಗಟ್ಟಿಯಾಗುವ ಮೊದಲೇ ಹೊರಗೆ ಬಂದದ್ದು. ನೀರಿನಲ್ಲಿ ಒರೆಸಿದರೆ ಹೋಗುತ್ತದೆ.

ಪಾಲಿಷ್ ಮತ್ತು ಗಮ್ಮು

1,200 ಚದರಡಿಯ ಮನೆ ಎಂದಿಟ್ಟುಕೊಳ್ಳಿ. ಒಳಗೋಡೆ, ಛಾವಣಿ ಸೇರಿ ಸುಮಾರು 4,000 ಚದರಡಿಗೆ ಎರಡು ಕೋಟು ಎಮಲ್ಷನ್ ಬೇಕು. ಲೀಟರಿಗೆ 140 ಚದರಡಿ ಹಿಡಿದರೆ 29 ಲೀಟರ್, ಲೀಟರಿಗೆ 20 ಗ್ರಾಂ ನಿಜವಾದ ವಿಒಸಿ (ನೀರು ಕಳೆಯದ ಲೆಕ್ಕ) ಎಂದರೆ ಒಟ್ಟು 600 ಗ್ರಾಂಗಿಂತ ಕಡಿಮೆ. ಅದೇ ಮನೆಯ ಬಾಗಿಲು, ದಾರಂದ, ಕಪಾಟಿನ ಮುಖಗಳಿಗೆ ಥಿನ್ನರ್ ಬೆರೆಸಿದ ಪಿಯು ಪಾಲಿಷ್ 15 ಲೀಟರ್ ಹೋಯಿತೆನ್ನಿ, ಲೀಟರಿಗೆ 550 ಗ್ರಾಂ ಹಿಡಿದರೆ 8 ಕಿಲೋ ದಾಟುತ್ತದೆ. ಗೋಡೆಯ ಬಣ್ಣದ 13–14 ಪಟ್ಟು. ನೀರು ಆಧಾರಿತ ಪಿಯು ಈಗ ಸಿಗುತ್ತದೆ. ಮರದ ನಾರು ಮೊದಲ ಕೋಟಿಗೆ ಎದ್ದು ನಿಲ್ಲುವುದರಿಂದ ಸೀಲರ್ ಹೊಡೆದು 320 ನಂಬರಿನ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹೊಡೆಯಬೇಕು, ಹಾಗಾಗಿ ಕೂಲಿ ಹೆಚ್ಚಾಗುತ್ತದೆ. ಕನ್ನಡಿಯಂಥ ಹೊಳಪು ಕೇಳುವವರಿಗೆ ಅದು ಸಮಾಧಾನ ಕೊಡಲಾರದು. ಮಲಗುವ ಕೋಣೆಯ ಒಳಮೈಗಳಿಗಾದರೂ ಅದನ್ನೇ ಬಳಸಿ, ಎದುರು ಬಾಗಿಲಿಗೆ ಬೇಕಾದರೆ ಹಳೆಯ ಪಿಯು ಹೊಡೆಸಿದರೆ ಒಳಗಿನ ಹೊರೆ ಬಹಳ ಇಳಿಯುತ್ತದೆ. ಮಳೆನೀರು ತಡೆಯುವ ಹೊರಗೋಡೆಯ ಆಚೆ ಮೈಗೆ ಹೊಡೆದದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಮೈಕಾ ಅಂಟಿಸಲು ಬಡಗಿಗಳು ಎರಡು ಗಮ್ಮು ಬಳಸುತ್ತಾರೆ. ಬಿಳಿ ಗಮ್ಮು ನೀರಿನದ್ದು, ಮಿತಿಯೊಳಗೆ ಬರುತ್ತದೆ. ಹಳದಿ ಬಣ್ಣದ ರಬ್ಬರ್ ಗಮ್ಮು ಟೊಲೀನ್ ಮತ್ತು ಅಂಥದ್ದೇ ದ್ರವಗಳಲ್ಲಿ ಕರಗಿಸಿದ್ದು, ತೂಕದ ಮುಕ್ಕಾಲು ಪಾಲು ಆವಿಯಾಗಿ ಹೋಗುವಂಥದ್ದು. ಮೇಲೆ ಹೇಳಿದ ಕಾಂಟ್ಯಾಕ್ಟ್ ಅಂಟು ಇದೇ, ಅದರ 80 ಗ್ರಾಂ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಆದರೂ ಅದನ್ನೇ ಬಳಸುವುದಕ್ಕೆ ಕಾರಣ ಸಮಯ. ಬಿಳಿ ಗಮ್ಮಿಗೆ ಹಲಗೆಯನ್ನು ಕ್ಲಾಂಪ್ ಹಾಕಿ ಅಥವಾ ಭಾರ ಹೇರಿ ರಾತ್ರಿಯಿಡೀ ಬಿಡಬೇಕು, ರಬ್ಬರ್ ಗಮ್ಮು ಮುಟ್ಟಿಸಿದ ಕೂಡಲೇ ಹಿಡಿಯುತ್ತದೆ. ಗೋಡೆಗೆ ಕಟ್ಟಿದ ಮೇಲೆ ಮೈಕಾ ಅಂಟಿಸುವ ಕ್ರಮವಿದ್ದರೆ ಬೇರೆ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಕ್ರಮವನ್ನೇ ಬದಲಿಸಬೇಕು: ಹಲಗೆಗಳನ್ನು ಅಳತೆಗೆ ಕೊಯ್ದು, ನೆಲದ ಮೇಲೆ ಬಿಳಿ ಗಮ್ಮಿನಲ್ಲಿ ಮೈಕಾ ಒತ್ತಿ, ಒಣಗಿದ ಮೇಲೆ ಜೋಡಿಸುವುದು. ರಬ್ಬರ್ ಗಮ್ಮು ಅಂಚಿಗೆ, ಬಾಗಿದ ಮೈಗೆ ಮಾತ್ರ.

ಈ ಆವಿಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಕೆಲಸಗಾರರು. ಮೂಗಿಗೆ ಕಟ್ಟಿದ ಬೈರಾಸು ಧೂಳನ್ನು ತಡೆದೀತು, ಟೊಲೀನನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮನೆ ಕಟ್ಟಿಸುವವರು ಅದನ್ನು ಕೊಡಿಸಬೇಕು.

ಹಲಗೆ ಮತ್ತು ಮಳೆಗಾಲ

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎಲ್ಲವೂ ಮರ ಮತ್ತು ಅಂಟಿನ ಜೋಡಣೆ. ಕಡಿಮೆ ಬೆಲೆಯವುಗಳಲ್ಲಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಕಡಿಮೆ ಬಿಸಿಯಲ್ಲಿ ಬೇಗ ಗಟ್ಟಿಯಾಗುತ್ತದೆ, ಕಲೆ ಬಿಡುವುದಿಲ್ಲ, ಅಗ್ಗ. ತೊಂದರೆ ಏನೆಂದರೆ, ನೀರಿನ ಆವಿ ತಾಗಿದಾಗ ಈ ಅಂಟು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡ್ ಬಿಡುತ್ತದೆ. ಬಿಸಿ ಹೆಚ್ಚಾದರೆ ವೇಗವೂ ಹೆಚ್ಚು. ಫೀನಾಲ್-ಫಾರ್ಮಾಲ್ಡಿಹೈಡ್ ಅಂಟು ಹಾಗೆ ಬಿಚ್ಚುವುದಿಲ್ಲ. ಭಾರತೀಯ ಮಾನಕ ಐಎಸ್ 303ರ ಎಂಆರ್ (ತೇವ ತಡೆಯುವ) ದರ್ಜೆ ಮೊದಲ ಬಗೆಯದ್ದು. ಅದರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆ ಮತ್ತು 72 ಗಂಟೆ ಕುದಿಸಿದರೂ ಬಿಡಬಾರದೆಂಬ ಐಎಸ್ 710 ಮರೈನ್ ದರ್ಜೆ ಎರಡನೆಯ ಬಗೆಯವು.

ಕರಾವಳಿಯ ಜನ ಹಲಗೆ ಉಬ್ಬಬಾರದೆಂದು 710 ಕೇಳುವುದು ಗಾಳಿಗೂ ಒಳ್ಳೆಯದೇ ಆಗಿದೆ. ಆದರೆ ಮುದ್ರೆ ನಿಜವಾದದ್ದಿರಬೇಕು. ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರು ಕೇರಳದ ಪ್ಲೈವುಡ್ ಉದ್ಯಮದ ಕೇಂದ್ರ. ಅಲ್ಲಿ ದೊಡ್ಡ ಸಣ್ಣ ಮಿಲ್ಲುಗಳು ಬಹಳ ಇವೆ, ಗುಣಮಟ್ಟವೂ ಹಾಗೆಯೇ ಹಲವು ಬಗೆ. ಹಲಗೆಯ ಮೇಲಿನ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹಾಕಿದರೆ ಕಂಪನಿಯ ಹೆಸರು, ಯಾವ ಐಎಸ್ ಸಂಖ್ಯೆಗೆ ಪರವಾನಗಿ ಎಂಬುದು ಕಾಣುತ್ತದೆ. ಕೊಯ್ದ ಅಂಚನ್ನೂ ನೋಡಿ. ಫೀನಾಲ್ ಅಂಟಿನ ಗೆರೆ ಕಡುಕಂದು, ಯೂರಿಯಾದ್ದು ಮಾಸಲು ಬಿಳಿ. ಬಣ್ಣ ಬೆರೆಸಿ ಮೋಸ ಮಾಡಲು ಸಾಧ್ಯವಿರುವುದರಿಂದ ಎರಡಿಂಚು ಚೌಕದ ತುಂಡೊಂದನ್ನು ಹೊರಗಿನ ಒಲೆಯಲ್ಲಿ 2–3 ಗಂಟೆ ಕುದಿಸುವುದು ಒಳ್ಳೆಯದು. ಬರಿಯ ಯೂರಿಯಾ ಅಂಟಾದರೆ ಪದರ ಬಿಡುತ್ತದೆ. ಬಿಡಲಿಲ್ಲ ಎಂದರೆ ಅಂಟು ಗಟ್ಟಿ ಎಂದಷ್ಟೇ ತಿಳಿಯಿತು, ಆವಿ ಎಷ್ಟು ಎಂಬುದಕ್ಕೆ ಪ್ರಯೋಗಾಲಯದ ವರದಿಯೇ ಬೇಕು.

ಆ ವರದಿಯಲ್ಲಿ ಸಿಗುವ ಗುರುತು ಯುರೋಪಿನ ಇ1, ಅಥವಾ ಕ್ಯಾಲಿಫೋರ್ನಿಯದ ಕಾರ್ಬ್ ಫೇಸ್ 2. ಇ1 ಎಂದರೆ ಪರೀಕ್ಷೆಯ ಕೋಣೆಯಲ್ಲಿ 0.1 ಪಿಪಿಎಂ, ಅಂದರೆ ಘನ ಮೀಟರಿಗೆ 0.124 ಮಿಲಿಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 0.1 ಮಿಲಿಗ್ರಾಂ ಮಿತಿಗಿಂತ ಇದು ಸ್ವಲ್ಪ ಮೇಲೆಯೇ ಇದೆ. ಕಾರ್ಬ್ ಫೇಸ್ 2 ಪ್ಲೈವುಡ್‌ಗೆ 0.05, ಪಾರ್ಟಿಕಲ್ ಬೋರ್ಡ್‌ಗೆ 0.09, ಎಂಡಿಎಫ್‌ಗೆ 0.11 ಪಿಪಿಎಂ ಎನ್ನುತ್ತದೆ. ಪರೀಕ್ಷೆಯ ವಿಧಾನ ಬೇರೆಯಾದ್ದರಿಂದ ಅಂಕಿಗಳನ್ನು ನೇರ ಹೋಲಿಸಲಾಗದು, ಆದರೂ ಪ್ಲೈವುಡ್‌ನ ಮಟ್ಟಿಗೆ ಇದೇ ಬಿಗಿ.

ಇ1ರ ಯುರೋಪಿಯನ್ ಪರೀಕ್ಷೆ ನಡೆಯುವುದು 23 ಡಿಗ್ರಿ ಉಷ್ಣತೆ, ಶೇಕಡಾ 45 ತೇವಾಂಶದಲ್ಲಿ. ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ, ಪ್ರತಿ ಘನ ಮೀಟರ್ ಗಾಳಿಗೆ 1 ಚದರ ಮೀಟರ್ ಹಲಗೆ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಜೂನ್ ತಿಂಗಳ ಕೋಣೆ 29 ಡಿಗ್ರಿ, ತೇವಾಂಶ ಶೇಕಡಾ 85 ಎಂದಿಟ್ಟುಕೊಳ್ಳೋಣ. ಪಾರ್ಟಿಕಲ್ ಬೋರ್ಡ್‌ಗಳ ಪ್ರಯೋಗಗಳಿಂದ ಬಂದ ಸೂತ್ರದಲ್ಲಿ ಲೆಕ್ಕ ಹಾಕಿದರೆ ಉಷ್ಣತೆಯಿಂದಲೇ ಸುಮಾರು ದುಪ್ಪಟ್ಟು, ತೇವದಿಂದ ಅದರ ಮೇಲೆ ಮತ್ತೆ 1.7 ಪಟ್ಟು, ಒಟ್ಟು ಮೂರು ಪಟ್ಟಿಗೂ ಹೆಚ್ಚು. 10 ಅಡಿ ಎತ್ತರದ 10×12 ಅಡಿ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇದೆ. 7 ಅಡಿ ಅಗಲ, 8 ಅಡಿ ಎತ್ತರ, 2 ಅಡಿ ಆಳದ ಕಪಾಟಿನ ಹಲಗೆಗಳ ಎರಡೂ ಮೈ ಸೇರಿಸಿದರೆ ಸುಮಾರು 45 ಚದರ ಮೀಟರ್ ಆಗುತ್ತದೆ. ಒಂದೇ ಕಪಾಟು ಪರೀಕ್ಷೆಯ ಪ್ರಮಾಣವನ್ನು ದಾಟಿತು. ಕಿಟಕಿ ಮುಚ್ಚಿ ಎಸಿ ಹಾಕಿದರೆ ಗಂಟೆಗೊಮ್ಮೆ ಗಾಳಿ ಬದಲಾಗುವ ಮಾತೂ ಇಲ್ಲ, ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಪರೀಕ್ಷೆಯಲ್ಲಿ ಪಾಸಾದ ಹಲಗೆ ನಮ್ಮ ಮಳೆಗಾಲದಲ್ಲಿ ಪಾಸಾಗದಿರಲು ಇಷ್ಟು ಸಾಕು. ಹಾಗಾಗಿ ಇಲ್ಲಿ ಇ1 ಎಂಬುದನ್ನು ಕೊನೆಯ ಮೆಟ್ಟಿಲು ಎಂದು ಹಿಡಿಯಬಾರದು, ಯೂರಿಯಾ ಅಂಟೇ ಇಲ್ಲದ ಹಲಗೆಯನ್ನು ಕೇಳಬೇಕು.

ಮೈಕಾ ಅಂಟಿಸಿದ ಮೈಯಿಂದ ಆವಿ ಬಹಳ ಕಡಿಮೆ. ಬರುವುದು ಬಿಟ್ಟ ಜಾಗಗಳಿಂದ: ಗೋಡೆಗೆ ತಾಗುವ ಹಿಂಬದಿ, ಡ್ರಾಯರಿನ ತಳ, ಹಿಂಜಸ್ ಕೂರಿಸಲು ಕೊರೆದ 35 ಮಿಲಿಮೀಟರ್ ಕುಳಿ, ವಯರಿನ ತೂತು, ಟೇಪ್ ಹಾಕದ ಅಂಚು. ಅಂಚಿನಿಂದ ಬರುವ ಆವಿ ಅಷ್ಟೇ ವಿಸ್ತೀರ್ಣದ ಮೈಗಿಂತ ಹೆಚ್ಚು. ಕಾರ್ಖಾನೆಯಲ್ಲಿ ಮಾಡಿದ ಮಾಡ್ಯುಲರ್ ಕಪಾಟಿನಲ್ಲಿ ಅಂಚಿನ ಟೇಪನ್ನು ದ್ರಾವಕವಿಲ್ಲದ ಬಿಸಿ ಅಂಟಿನಲ್ಲಿ ಒತ್ತಿರುತ್ತಾರೆ, ಅದು ಒಳ್ಳೆಯದು. ಒಳಗಿನ ಹಲಗೆ ಮಾತ್ರ ಹೆಚ್ಚಾಗಿ ಯೂರಿಯಾ ಅಂಟಿನ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್. ಊರಿನ ಆಚಾರಿ ಮರೈನ್ ಪ್ಲೈ ಹಾಕುತ್ತಾನೆ, ರಬ್ಬರ್ ಗಮ್ಮು ಬಳಸುತ್ತಾನೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಆಚಾರಿಯ ಕೆಲಸವೇ ಮೇಲು. ಗಮ್ಮಿನ ಆವಿ ಗಾಳಿಯಾಡಿಸಿದರೆ ವಾರಗಳಲ್ಲಿ ಹೋಗುತ್ತದೆ, ಹಲಗೆಯದ್ದು ಹೋಗುವುದಿಲ್ಲ.

ಹಲಗೆಯನ್ನೇ ಕಡಿಮೆ ಮಾಡುವ ದಾರಿ ಈ ಊರಿನಲ್ಲಿ ಧಾರಾಳವಾಗಿದೆ. ಕಲ್ಲು, ಸುಟ್ಟ ಮಣ್ಣು, ಸೆರಾಮಿಕ್, ಗಾಜು, ಕಾಂಕ್ರೀಟ್, ಏನೂ ಬಳಿಯದ ಗಟ್ಟಿಮರ ಇವನ್ನು ಲೀಡ್ ತಾನಾಗಿಯೇ ಆವಿ ಬಿಡದ ವಸ್ತುಗಳೆಂದು ಒಪ್ಪುತ್ತದೆ, ಪರೀಕ್ಷೆಯ ವರದಿ ಕೇಳುವುದಿಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕಡಪ ಕಲ್ಲಿನ ತಟ್ಟು, ಫೆರೋಸಿಮೆಂಟ್ ಕಪಾಟು, ಹಲಸಿನ ಮರದ ಬಾಗಿಲು ಎಲ್ಲವೂ ಆ ಸಾಲಿಗೆ ಬರುತ್ತವೆ. ಗೋಡೆಗೆ ಸುಣ್ಣವೂ ಆದೀತು. ಕೆಡುವುದು ಮೇಲೆ ಬಳಿಯುವಾಗ. ಮುರಕಲ್ಲು ಹೊಳೆಯಲಿ ಎಂದು ಮನೆಯೊಳಗೂ ದ್ರಾವಕದ ಕ್ಲಿಯರ್ ಕೋಟ್ ಹೊಡೆಸಿದರೆ, ಒರಟಾದ ಕಲ್ಲು ಲೀಟರುಗಟ್ಟಲೆ ಹೀರಿ ನಿಧಾನವಾಗಿ ಬಿಡುತ್ತದೆ. ಬೇಕೇ ಬೇಕೆಂದರೆ ನೀರು ಆಧಾರಿತ ಸಿಲೇನ್-ಸಿಲೋಕ್ಸೇನ್ ಬಗೆಯದ್ದನ್ನು ಆರಿಸಿ. ಪಕ್ಕಾಸು, ರೀಪುಗಳಿಗೆ ಬಳಿಯುವ ಗೇರೆಣ್ಣೆ ಊರಿನದ್ದೇ ಆದರೂ ಅದಕ್ಕೂ ಆವಿಯಿದೆ, ಮೈಗೆ ತಾಗಿದರೆ ಸುಡುತ್ತದೆ. ಅದನ್ನು ಮಾಡಿಗೆ ಏರಿಸುವ ಮೊದಲೇ ಹೊರಗೆ ಬಳಿದು ಒಣಗಿಸಬೇಕು.

ಕಾಗದ, ಗಾಳಿ

ಅಂಕ ತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ಪ್ರತಿ ವಸ್ತುವಿಗೂ ವಿಒಸಿ ಅಂಕಿ ಇರುವ ತಾಂತ್ರಿಕ ಹಾಳೆ, ಪರೀಕ್ಷೆಯ ವರದಿ ಅಥವಾ ಗ್ರೀನ್‌ಪ್ರೊ, ಗ್ರೀನ್‌ಗಾರ್ಡ್ ಗೋಲ್ಡ್‌ನಂಥ ಪ್ರಮಾಣಪತ್ರ, ಅದೇ ಹೆಸರಿನ ಬಿಲ್ಲು ಬೇಕು. ಗ್ರೀನ್‌ಗಾರ್ಡ್ ಗೋಲ್ಡ್ ಡಬ್ಬದೊಳಗಿನ ಅಂಶವನ್ನಲ್ಲ, ಗಾಳಿಗೆ ಬರುವುದನ್ನು ಅಳೆಯುತ್ತದೆ. ಫಾರ್ಮಾಲ್ಡಿಹೈಡ್‌ಗೆ ಅದರ ಮಿತಿ ಘನ ಮೀಟರಿಗೆ 9 ಮೈಕ್ರೋಗ್ರಾಂ ಮಾತ್ರ. ವರದಿಯಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಅದೇ ಕಂಪನಿಯ ಬೇರೆ ಹೆಸರು ಇರುವುದು ಸಾಮಾನ್ಯ ತಪ್ಪು. ನಡುವೆ ಬಣ್ಣ ಮುಗಿದಾಗ ಪೈಂಟರ್ ಹತ್ತಿರದ ಅಂಗಡಿಯಿಂದ ಬೇರೆ ಪ್ರೈಮರ್ ತರುವುದು ಇನ್ನೊಂದು. ಕರಾರಿನಲ್ಲಿಯೇ ಪ್ರೈಮರ್, ಪುಟ್ಟಿ, ಥಿನ್ನರ್, ಗಮ್ಮು, ಸಿಲಿಕೋನ್ ಹೆಸರು ಹೆಸರಾಗಿ ಬರೆಯಿಸಿ, ಖಾಲಿ ಡಬ್ಬ ಗುಜರಿಗೆ ಹೋಗುವ ಮೊದಲು ಲೇಬಲ್ ಮತ್ತು ಬ್ಯಾಚ್ ಸಂಖ್ಯೆಯ ಫೋಟೋ ತೆಗೆದಿಡಬೇಕು. ಕೆಲಸದವರು ಬಂಗಾಲ, ಒಡಿಶಾದವರಾದರೆ ಅವರ ಮೇಸ್ತ್ರಿಗೆ ಡಬ್ಬ ತೋರಿಸಿಯೇ ಹೇಳಬೇಕು.

ಕೆಲಸ ಮುಗಿದ ಮೇಲೆ ಮನೆಗೆ ಗಾಳಿ ಹಾಯಿಸುವುದಕ್ಕೂ ನಿಯಮವಿದೆ. ಲೀಡ್ ಮನೆಗಳ ಪದ್ಧತಿಯಲ್ಲಿ ಒಟ್ಟು 48 ಗಂಟೆ, ಕಿಟಕಿ ತೆರೆದು ಫ್ಯಾನ್ ಓಡಿಸಿ. ದೊಡ್ಡ ಕಟ್ಟಡಗಳಿಗೆ ಚದರಡಿಗೆ 14,000 ಘನ ಅಡಿ ಗಾಳಿ, ತೇವಾಂಶ ಶೇಕಡಾ 60 ದಾಟದೆ. 1,200 ಚದರಡಿಗೆ ಈ ಲೆಕ್ಕ ಹಾಕಿದರೆ 1.68 ಕೋಟಿ ಘನ ಅಡಿ. ನಿಮಿಷಕ್ಕೆ 1,000 ಘನ ಅಡಿ ಎಳೆಯುವ ಮೂರು ಎಕ್ಸಾಸ್ಟ್ ಫ್ಯಾನ್ ಎಡೆಬಿಡದೆ ಓಡಿದರೆ ನಾಲ್ಕು ದಿನದಲ್ಲಿ ಆಗುತ್ತದೆ. ಕಪಾಟಿನ ಬಾಗಿಲು, ಡ್ರಾಯರ್ ಎಲ್ಲ ತೆರೆದಿರಬೇಕು. ಹಾಸಿಗೆ, ಪರದೆ, ಸೋಫಾ ಆ ಮೇಲೆ ಬರಬೇಕು, ಏಕೆಂದರೆ ಅವು ಆವಿಯನ್ನು ಹೀರಿಟ್ಟುಕೊಂಡು ಮುಂದೆ ಬಿಡುತ್ತವೆ. ಜೂನ್‌ನಲ್ಲಿ ಶೇಕಡಾ 60 ತೇವಾಂಶ ಇಲ್ಲಿ ಕನಸಿನ ಮಾತು. ಆ ಹೊತ್ತಿನಲ್ಲಿ ಫ್ಯಾನ್ ಓಡಿಸಿದರೆ ಒಳಗೆ ಬರುವುದು ಹಸಿ ಗಾಳಿ, ಹೊಸ ಸಾರಣೆಯಲ್ಲಿ ಬೂಸಲು ಏಳುತ್ತದೆ. ಆದ್ದರಿಂದ ಪಾಲಿಷ್ ಮತ್ತು ಕಪಾಟಿನ ಕೆಲಸ ಫೆಬ್ರವರಿ ಕೊನೆಗೆ ಮುಗಿಯುವಂತೆ ಹಿಂದಿನಿಂದ ದಿನ ಎಣಿಸಿ, ಮಾರ್ಚ್ ಪೂರ್ತಿ ಗಾಳಿಗೆ ಬಿಟ್ಟು, ಗೋಡೆಯ ಕೊನೆಯ ಕೋಟನ್ನು ಎಪ್ರಿಲ್‌ಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಒಕ್ಕಲಿನ ಮುಹೂರ್ತ ಮೇ ತಿಂಗಳಲ್ಲೇ ಇರಲಿ.

ಈಗಾಗಲೇ ಮುಗಿದ ಮನೆಯಾದರೆ ಅಗ್ಗದ ಮೀಟರ್ ಕೊಂಡು ಹೆದರಬೇಡಿ. ಅವುಗಳಲ್ಲಿ ಹಲವು ಊದುಬತ್ತಿಗೂ ಸ್ಯಾನಿಟೈಸರಿಗೂ ಏರುತ್ತವೆ. ಕಪಾಟಿನ ಹಿಂಬದಿ, ತಳ, ಕುಳಿ, ಅಂಚುಗಳಿಗೆ ನೀರು ಆಧಾರಿತ ಸೀಲರ್ ಎರಡು ಕೋಟು ಬಳಿಯಿರಿ, ಮಲಗುವ ಕೋಣೆಯಿಂದ ಶುರು ಮಾಡಿ, ಅದರಲ್ಲೂ ಮಕ್ಕಳ ಕೋಣೆ ಮೊದಲು. ಗೋಡೆಗೆ ಕೂರಿಸಿದ ಕಪಾಟಿನ ಹಿಂಬದಿಗೆ ಕೈ ಹೋಗದಿದ್ದರೆ ಸುತ್ತಲಿನ ಸಂದಿಗಾದರೂ ಸೀಲೆಂಟ್ ತುಂಬಬಹುದು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆಗಳಲ್ಲಿ, ಮನೆಯವರು ಗಲ್ಫಿನಿಂದ ಬಂದು ಇಳಿಯುವ ಒಂದು ದಿನ ಮೊದಲೇ ನೆರೆಯವರಿಂದ ಕಿಟಕಿ ಮತ್ತು ಕಪಾಟುಗಳನ್ನೆಲ್ಲ ತೆರೆಸಿಡಬೇಕು.